ಕಿಟಕಿ ಶುಚಿಗೊಳಿಸುವ ವೃತ್ತಿ ಮತ್ತು ಸಾಮಾಜಿಕ ಜಾಲತಾಣ: ಬಡಾವಣೆಯ ಮಟ್ಟದ ಪ್ರಚಾರಕ್ಕೊಂದು ಕೈಪಿಡಿ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕಿಟಕಿಯೆಂದರೆ ಮರದ ಚೌಕಟ್ಟು, ಕಬ್ಬಿಣದ ಕಂಬಿ ಮತ್ತು ಹೊರಕ್ಕೆ ತೆರೆಯುವ ಎರಡು ಪುಟ್ಟ ಬಾಗಿಲುಗಳಾಗಿದ್ದವು. ಹಬ್ಬ ಹತ್ತಿರವಾದಾಗ ಮನೆಯವರೇ ಒದ್ದೆ ಬಟ್ಟೆಯಿಂದಲೋ ಹಳೆಯ ದಿನಪತ್ರಿಕೆಯಿಂದಲೋ ಅವನ್ನು ಒರೆಸಿಕೊಳ್ಳುತ್ತಿದ್ದುದರಿಂದ ಆ ಕೆಲಸ ಪ್ರತ್ಯೇಕ ವೃತ್ತಿಯಾಗುವ ಸಂದರ್ಭವೇ ಬಂದಿರಲಿಲ್ಲ. ಬಹುಮಹಡಿ ವಸತಿ ಸಮುಚ್ಚಯಗಳು ಹೆಚ್ಚಿದಂತೆ ಅಲ್ಯೂಮಿನಿಯಂ ಮತ್ತು ಯುಪಿವಿಸಿ ಚೌಕಟ್ಟಿನ, ಅಂದರೆ ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟಿನ, ಜಾರುಕಿಟಕಿಗಳು ಬಂದವು. ಅವುಗಳೊಡನೆ ಸೊಳ್ಳೆ ಜಾಲರಿ, ದೂಳು ತುಂಬಿಕೊಳ್ಳುವ ಟ್ರ್ಯಾಕ್, ಬಾಲ್ಕನಿಯ ಗಾಜಿನ ಕಟಕಟೆ, ಪಾರಿವಾಳದ ಹಿಕ್ಕೆ, ಒಳಗಿನಿಂದ ಕೈಗೆಟುಕದ ಹೊರಮೈ ಇವೆಲ್ಲವೂ ಮನೆಯವರ ಪಾಲಿಗೆ ಬಂದವು. ಏಳನೆಯ ಮಹಡಿಯ ಗಾಜಿನ ಹೊರಭಾಗವನ್ನು ಯಾರೂ ದಿನಪತ್ರಿಕೆ ಹಿಡಿದು ಒರೆಸಲಾರರು. ಹೀಗೆ ಹುಟ್ಟಿದ ಅಗತ್ಯವನ್ನು ನಂಬಿಕೊಂಡು ಇಂದು ಇಬ್ಬರು ಮೂವರು ಕೆಲಸಗಾರರ ಸಣ್ಣ ತಂಡಗಳು ನಗರದ ತುಂಬ ದುಡಿಯುತ್ತಿದ್ದು, ಅವುಗಳಿಗೆ ಜಾಹೀರಾತಿಗೆಂದು ಪ್ರತ್ಯೇಕ ಹಣವಿಲ್ಲದ ಕಾರಣ ಸಾಮಾಜಿಕ ಜಾಲತಾಣವೇ ಅಂಗಡಿಯ ಬೋರ್ಡು, ಅದೇ ಪರಿಚಯಪತ್ರ.

ಆದರೆ ಜಾಲತಾಣದ ಸಾಮಾನ್ಯ ಅಳತೆಗೋಲುಗಳು ಈ ವೃತ್ತಿಗೆ ಹೊಂದುವುದಿಲ್ಲ. ಕಿಟಕಿ ಶುಚಿಗೊಳಿಸುವವರ ದಿನದ ಗಳಿಕೆ ದರಕ್ಕಿಂತ ಹೆಚ್ಚಾಗಿ ಪ್ರಯಾಣವನ್ನು ಅವಲಂಬಿಸಿದೆ. ಬೆಳಿಗ್ಗೆ ಜೆ.ಪಿ. ನಗರದಲ್ಲಿ ಒಂದು ಮನೆ ಮುಗಿಸಿ ಮಧ್ಯಾಹ್ನ ಹೆಬ್ಬಾಳಕ್ಕೆ ಹೋಗಬೇಕಾದ ತಂಡ ಅರ್ಧ ದಿನವನ್ನು ರಸ್ತೆಯಲ್ಲಿಯೇ ಕಳೆಯುತ್ತದೆ. ಅದೇ ತಂಡಕ್ಕೆ ಕನಕಪುರ ರಸ್ತೆಯ ಒಂದೇ ಸಮುಚ್ಚಯದಲ್ಲಿ ಮೂರು ಫ್ಲಾಟುಗಳು ಸಿಕ್ಕರೆ ಏಣಿ, ಕೋಲು, ಬಕೆಟ್ಟುಗಳನ್ನು ಒಮ್ಮೆ ಇಳಿಸಿ ಒಮ್ಮೆ ಏರಿಸಿದರೆ ಸಾಕು. ಆದ್ದರಿಂದ ಒಂದು ವಿಡಿಯೊವನ್ನು ದೇಶದಾದ್ಯಂತ ಹತ್ತು ಸಾವಿರ ಮಂದಿ ನೋಡುವುದಕ್ಕಿಂತ, ನಾಲ್ಕೈದು ಕಿಲೋಮೀಟರ್ ಸುತ್ತಳತೆಯ ಮುನ್ನೂರು ಮನೆಗಳವರು ತಂಡದ ಹೆಸರನ್ನು ನೆನಪಿಟ್ಟುಕೊಳ್ಳುವುದು ಹೆಚ್ಚು ಬೆಲೆಯುಳ್ಳದ್ದು. ಇದಕ್ಕೆ ಇನ್ನೊಂದು ಕಾರಣವೂ ಉಂಟು: ಈ ಕೆಲಸಗಾರರು ಮಲಗುವ ಕೋಣೆಯವರೆಗೂ ಬರುವವರು. ಅಪರಿಚಿತರನ್ನು ಅಲ್ಲಿಯವರೆಗೆ ಬಿಟ್ಟುಕೊಳ್ಳುವ ಮುನ್ನ ಮನೆಯವರು ಕೇಳಿಕೊಳ್ಳುವ ಪ್ರಶ್ನೆಗಳು, ಬರುವವರು ಯಾರು, ಎಷ್ಟು ಹೊತ್ತು ಇರುತ್ತಾರೆ, ಸೋಫಾ ಮತ್ತು ಪರದೆಯ ಮೇಲೆ ನೀರು ಚೆಲ್ಲುವುದೇ, ಏನಾದರೂ ಒಡೆದರೆ ಯಾರು ಹೊಣೆ ಎಂಬವು, ಗಾಜಿನ ಹೊಳಪಿಗಿಂತ ಮೊದಲು ಬರುತ್ತವೆ. ಒಳ್ಳೆಯ ಪ್ರಚಾರವು ಈ ಪ್ರಶ್ನೆಗಳಿಗೆ ಕೇಳುವ ಮೊದಲೇ ಉತ್ತರ ಕೊಟ್ಟಿರುತ್ತದೆ.

ಗಾಜಿನ ಮೇಲಿನ ಕಲೆಯೇ ಪ್ರಚಾರದ ಮೊದಲ ವಸ್ತು

ಹೊಸದಾಗಿ ಪುಟ ತೆರೆದವರು ಏನನ್ನು ಹಾಕಬೇಕೆಂದು ತಿಳಿಯದೆ ಹಬ್ಬದ ಶುಭಾಶಯಗಳನ್ನೂ ರಿಯಾಯಿತಿಯ ಘೋಷಣೆಗಳನ್ನೂ ತುಂಬುವುದುಂಟು. ಅವುಗಳಿಗಿಂತ ಗ್ರಾಹಕರಿಗೆ ನಿಜವಾಗಿ ಉಪಯೋಗವಾಗುವುದು ಅವರ ಮನೆಯ ಗಾಜಿಗೆ ಏನಾಗಿದೆ ಎಂಬ ತಿಳಿವಳಿಕೆ, ಮತ್ತು ಅದನ್ನು ಕೊಡಬಲ್ಲವರು ಪ್ರತಿದಿನ ಗಾಜನ್ನು ಮುಟ್ಟುವ ಈ ವೃತ್ತಿಯವರೇ.

ನಗರದ ಗಾಜಿನ ಮೇಲೆ ಕಾಣುವ ಕೊಳೆ ಮುಖ್ಯವಾಗಿ ಎರಡು ಬಗೆಯದು. ಮೊದಲನೆಯದು ದೂಳು ಮತ್ತು ವಾಹನದ ಹೊಗೆಯ ಜಿಡ್ಡು. ಇದು ಸಾಬೂನು ನೀರು, ನೀರನ್ನು ಒಂದೇ ಎಳೆತಕ್ಕೆ ಸೆಳೆದು ತೆಗೆಯುವ ರಬ್ಬರ್ ಅಂಚಿನ ವೈಪರ್ ಮತ್ತು ನೂಲು ಬಿಡದ ಮೈಕ್ರೋಫೈಬರ್ ಬಟ್ಟೆಯಿಂದ ಹೋಗುತ್ತದೆ. ಎರಡನೆಯದು ಗಡಸು ನೀರಿನ ಬಿಳಿ ಕಲೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರನ್ನು ಗಡಸು ನೀರು ಎನ್ನುತ್ತಾರೆ; ಬಾಲ್ಕನಿಯ ಗಿಡಕ್ಕೆ ಹಾಕಿದ ನೀರೋ ಸ್ನಾನಗೃಹದ ಶವರಿನ ಹನಿಯೋ ಗಾಜಿನ ಮೇಲೆ ಒಣಗಿದಾಗ ನೀರು ಆವಿಯಾಗಿ ಲವಣ ಉಳಿದುಕೊಂಡು, ಪದರದ ಮೇಲೆ ಪದರ ಕಟ್ಟುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯು ಐಎಸ್ 10500 ಎಂಬ ಮಾನಕದಲ್ಲಿ ಗಡಸುತನದ ಸ್ವೀಕಾರಾರ್ಹ ಮಿತಿಯನ್ನು ಲೀಟರಿಗೆ 200 ಮಿಲಿಗ್ರಾಂ ಎಂದೂ, ಬೇರೆ ಮೂಲವಿಲ್ಲದಿದ್ದರೆ ಒಪ್ಪಬಹುದಾದ ಮಿತಿಯನ್ನು 600 ಎಂದೂ ನಿಗದಿಪಡಿಸಿದೆ. ನದಿಯಿಂದ ಬರುವ ಕಾವೇರಿ ನೀರು ಸಾಮಾನ್ಯವಾಗಿ ಕೊಳವೆಬಾವಿಯ ನೀರಿಗಿಂತ ಮೆದು. ಬೋರ್ ನೀರನ್ನೂ ಟ್ಯಾಂಕರ್ ನೀರನ್ನೂ ನೆಚ್ಚಿಕೊಂಡ ಹೊರವಲಯದ ಸಮುಚ್ಚಯಗಳಲ್ಲಿ ಬಿಳಿ ಕಲೆಯ ದೂರು ಹೆಚ್ಚು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತದ ಯೋಜನೆಯು ನಗರಕ್ಕೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕೆ ನದಿನೀರನ್ನು ತಲುಪಿಸಲೆಂದು ರೂಪುಗೊಂಡದ್ದಾದರೂ, ಒಂದೇ ರಸ್ತೆಯ ಎರಡು ಸಮುಚ್ಚಯಗಳ ನೀರು ಇಂದಿಗೂ ಬೇರೆಬೇರೆಯಾಗಿರಬಹುದು. ಹೀಗಿರುವಾಗ ತಂಡವೊಂದು ತಾನು ಕೆಲಸ ಮಾಡುವ ಬಡಾವಣೆಗಳ ನೀರಿನ ಗಡಸುತನವನ್ನು ಪರೀಕ್ಷಾಪಟ್ಟಿಯಿಂದ ಅಳೆದು, ಯಾವ ನೀರಿಗೆ ಎಷ್ಟು ದಿನಕ್ಕೊಮ್ಮೆ ಗಾಜು ಒರೆಸಿದರೆ ಕಲೆ ಕಟ್ಟುವುದಿಲ್ಲ ಎಂಬುದನ್ನು ಒಂದು ನಿಮಿಷದ ವಿಡಿಯೊದಲ್ಲಿ ವಿವರಿಸಿದರೆ, ಅದನ್ನು ಆ ಸಮುಚ್ಚಯದವರೇ ತಮ್ಮ ಗುಂಪಿನಲ್ಲಿ ಹಂಚಿಕೊಳ್ಳುತ್ತಾರೆ. ಇಲ್ಲೊಂದು ಎಚ್ಚರ ಅಗತ್ಯ. ಮನೆಮನೆಯಲ್ಲಿರುವ ಟಿಡಿಎಸ್ ಮೀಟರು ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಅಂದಾಜನ್ನು ತೋರಿಸುತ್ತದೆಯೇ ಹೊರತು ಗಡಸುತನವನ್ನಷ್ಟೇ ಅಲ್ಲ. ಎರಡನ್ನೂ ಒಂದೆಂದು ಹೇಳುವ ವಿಡಿಯೊ ತಿಳಿದವರ ಮುಂದೆ ತಂಡದ ಮರ್ಯಾದೆಯನ್ನು ಕಳೆಯುತ್ತದೆ.

ಅಷ್ಟೇ ಮುಖ್ಯವಾದುದು ಆಗದ ಕೆಲಸವನ್ನು ಆಗದೆಂದು ಹೇಳುವುದು. ಹೊಸ ಬಿಳಿ ಕಲೆ ವಿನೆಗರಿನಂಥ ಸೌಮ್ಯ ಆಮ್ಲಕ್ಕೆ ಕರಗುತ್ತದೆ. ವರ್ಷಗಟ್ಟಲೆ ಹಾಗೆಯೇ ಬಿಟ್ಟ ಕಲೆಯ ಕೆಳಗೆ ಗಾಜಿನ ಮೈಯೇ ಸವೆದು ಮಂಕಾಗಿದ್ದರೆ ಅದು ಕೊಳೆಯಾಗಿ ಉಳಿದಿರದೆ ಗಾಜಿಗೇ ಆದ ಗಾಯವಾಗಿರುತ್ತದೆ, ಒರೆಸಿ ತೆಗೆಯಲಾಗದು. ತೀಕ್ಷ್ಣ ಆಮ್ಲವನ್ನು ಬಳಸಿದರೆ ಅಲ್ಯೂಮಿನಿಯಂ ಚೌಕಟ್ಟಿನ ಬಣ್ಣ ಕೆಡುವ, ಬಿಸಿಲು ತಡೆಯುವ ಲೇಪನವುಳ್ಳ ಗಾಜು ಹಾಳಾಗುವ ಅಪಾಯವೂ ಇದೆ. ಎರಡೂ ಬಗೆಯ ಗಾಜುಗಳನ್ನು ಅಕ್ಕಪಕ್ಕ ತೋರಿಸಿ, ಒಂದು ಹೋಗುತ್ತದೆ ಮತ್ತೊಂದು ಹೋಗುವುದಿಲ್ಲ ಎಂದು ನೇರವಾಗಿ ಹೇಳುವ ವಿಡಿಯೊದಿಂದ ಕೆಲವು ಗಿರಾಕಿಗಳು ದೂರವಾಗಬಹುದು. ಆದರೆ ಅವರು ಕೆಲಸ ಮುಗಿದ ಮೇಲೆ ಜಗಳ ತೆಗೆಯಬಹುದಾಗಿದ್ದವರು. ಉಳಿದವರು ಆ ಮಾತಿನಲ್ಲಿ ಪ್ರಾಮಾಣಿಕತೆಯನ್ನು ಕಾಣುತ್ತಾರೆ.

ಚಿತ್ರ ತೆಗೆಯುವ ಬಗೆ

ಕೆಲಸಕ್ಕೆ ಮೊದಲು ಮತ್ತು ಕೆಲಸದ ನಂತರ ತೆಗೆದ ಜೋಡಿಚಿತ್ರ ಈ ವೃತ್ತಿಯ ಅತ್ಯಂತ ಸಹಜ ಜಾಹೀರಾತು. ಗಾಜು ಪಾರದರ್ಶಕವಾದ್ದರಿಂದ ಅದನ್ನು ಚಿತ್ರಿಸುವುದು ತೋರುವಷ್ಟು ಸುಲಭವಲ್ಲ: ಎದುರಿನಿಂದ ನೋಡಿದಾಗ ಕಾಣದ ಕಲೆ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬಿದ್ದು ಹಿನ್ನೆಲೆ ಕಪ್ಪಾಗಿದ್ದಾಗ ಎದ್ದು ಕಾಣುತ್ತದೆ. ಎರಡೂ ಚಿತ್ರಗಳನ್ನು ಒಂದೇ ಸ್ಥಳದಿಂದ, ಒಂದೇ ಕೋನದಲ್ಲಿ, ಬೆಳಕು ಬದಲಾಗುವ ಮುನ್ನ, ಬಣ್ಣ ತಿದ್ದುವ ಫಿಲ್ಟರ್ ಬಳಸದೆ ತೆಗೆಯಬೇಕು. ಮೊದಲನೆಯದನ್ನು ಮೋಡದಲ್ಲಿ, ಎರಡನೆಯದನ್ನು ಬಿಸಿಲಿನಲ್ಲಿ ತೆಗೆದರೆ ಅದು ಗ್ರಾಹಕರನ್ನು ದಾರಿ ತಪ್ಪಿಸಿದಂತೆಯೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ದಾರಿತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿ ಮಾಧ್ಯಮ ಯಾವುದೇ ಇರಲಿ, ಎಲ್ಲ ಜಾಹೀರಾತುಗಳಿಗೂ ಅನ್ವಯಿಸುವುದರಿಂದ ಸಣ್ಣ ತಂಡದ ಇನ್‌ಸ್ಟಾಗ್ರಾಂ ಪುಟವೂ ಅದರ ಹೊರಗಿಲ್ಲ.

ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ಕಿನಲ್ಲಿ ರೀಲ್ ಎಂದು ಕರೆಯುವ ಕಿರು ವಿಡಿಯೊಗಳಿಗೆ, ಅಂದರೆ ಮೊಬೈಲನ್ನು ನೆಟ್ಟಗೆ ಹಿಡಿದು ಒಂಬತ್ತಕ್ಕೆ ಹದಿನಾರರ ಅನುಪಾತದಲ್ಲಿ ತೆಗೆದವುಗಳಿಗೆ, ಈ ಕೆಲಸ ಹೇಳಿ ಮಾಡಿಸಿದಂತಿದೆ. ನೊರೆ ತುಂಬಿದ ಗಾಜಿನ ಮೇಲೆ ವೈಪರ್ ಒಂದೇ ಎಳೆತಕ್ಕೆ ಮೇಲಿನಿಂದ ಕೆಳಕ್ಕೆ ಇಳಿದು ಹಿಂದಿನ ಮರಗಿಡಗಳು ಸ್ಪಷ್ಟವಾಗುವ ನೋಟವನ್ನು ಜನ ಪೂರ್ತಿ ನೋಡುತ್ತಾರೆ. ಮಣ್ಣು, ಕೂದಲು, ಸತ್ತ ಹುಳುಗಳಿಂದ ತುಂಬಿದ ಜಾರುಕಿಟಕಿಯ ಟ್ರ್ಯಾಕನ್ನು ಬ್ರಷ್ಷಿನಿಂದ ಸಡಿಲಿಸಿ ವ್ಯಾಕ್ಯೂಮಿನಿಂದ ಎಳೆಯುವುದನ್ನು ಇನ್ನೂ ಹೆಚ್ಚು ಆಸಕ್ತಿಯಿಂದ ನೋಡುತ್ತಾರೆ, ಏಕೆಂದರೆ ಹಾಗೆ ನೋಡುವವರ ಮನೆಯಲ್ಲಿಯೂ ಅಂಥದೇ ಟ್ರ್ಯಾಕ್ ಇರುತ್ತದೆ. ವಿಡಿಯೊದ ಮೇಲೆ ಬಡಾವಣೆಯ ಹೆಸರನ್ನು ಬರೆಯುವುದು ಅಗತ್ಯ. ಭಾಷೆಯ ವಿಷಯದಲ್ಲಿ, ನೋಡುವವರಲ್ಲಿ ಹಲವು ನುಡಿಗಳವರು ಇದ್ದಾರೆಂಬ ಕಾರಣಕ್ಕೆ ಅನೇಕ ತಂಡಗಳು ಇಂಗ್ಲಿಷನ್ನಷ್ಟೇ ಬಳಸುತ್ತವೆ. ಕೆಲಸಗಾರರು ತಮಗೆ ಸಹಜವಾದ ಕನ್ನಡದಲ್ಲಿ ಮಾತನಾಡಿ, ಕೆಳಗೆ ಇಂಗ್ಲಿಷ್ ಸಾಲುಗಳನ್ನು ಕೊಡುವುದು ಅದಕ್ಕಿಂತ ಮೇಲು. ಉರು ಹೊಡೆದ ಇಂಗ್ಲಿಷ್ ವಾಕ್ಯಗಳಿಗಿಂತ ತಮ್ಮ ಕೆಲಸವನ್ನು ತಮ್ಮ ಮಾತಿನಲ್ಲಿ ವಿವರಿಸುವ ಕೆಲಸಗಾರರ ಮುಖದಲ್ಲಿ ನಂಬಿಕೆ ಹುಟ್ಟಿಸುವ ಗುಣ ಹೆಚ್ಚು, ಮತ್ತು ಬಡಾವಣೆಯ ಹಿರಿಯರನ್ನು ತಲುಪುವ ದಾರಿಯೂ ಅದೇ.

ಗಾಜು ಕನ್ನಡಿಯಂತೆ ಪ್ರತಿಬಿಂಬಿಸುತ್ತದೆ ಎಂಬುದನ್ನು ಮರೆಯಬಾರದು. ಗೋಡೆಯ ಕುಟುಂಬಚಿತ್ರ, ಓದುತ್ತಿರುವ ಮಗು, ಎದುರು ಬ್ಲಾಕಿನ ಮನೆಯ ಒಳಭಾಗ, ಫ್ಲಾಟಿನ ಸಂಖ್ಯೆ ಇವುಗಳಲ್ಲಿ ಯಾವುದೂ ಚಿತ್ರದಲ್ಲಿ ಸೇರಿಕೊಳ್ಳಕೂಡದು. ಚಿತ್ರ ತೆಗೆಯುವ ಮುನ್ನ ಮನೆಯವರ ಒಪ್ಪಿಗೆಯನ್ನು ವಾಟ್ಸ್‌ಆ್ಯಪ್ ಸಂದೇಶದ ರೂಪದಲ್ಲಾದರೂ ಬರಹದಲ್ಲಿ ಪಡೆದಿಡುವುದು ಒಳ್ಳೆಯದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲತತ್ತ್ವವೂ ಇದೇ ಆಗಿದ್ದು, ವ್ಯಕ್ತಿಯನ್ನು ಗುರುತಿಸಬಲ್ಲ ಮಾಹಿತಿಯನ್ನು ಯಾವ ಉದ್ದೇಶಕ್ಕೆಂದು ತಿಳಿಸಿ ಪಡೆಯಲಾಗಿದೆಯೋ ಆ ಉದ್ದೇಶಕ್ಕಷ್ಟೇ ಬಳಸಬೇಕು ಎಂಬುದನ್ನು ಅದು ಆಧಾರವಾಗಿ ಇಟ್ಟುಕೊಂಡಿದೆ. ಒಪ್ಪಿಗೆಯ ಮಾತು ಮನೆಯೊಡೆಯರಿಗೆ ಮಾತ್ರ ಸೀಮಿತವಲ್ಲ. ಕೆಲಸಗಾರರ ಮುಖ ಮತ್ತು ಹೆಸರನ್ನು ಪುಟದಲ್ಲಿ ಹಾಕುವುದರಿಂದ ಗ್ರಾಹಕರಿಗೆ ಧೈರ್ಯ ಬರುವುದು ನಿಜ. ಆದರೂ ಅದನ್ನು ಅವರ ಇಚ್ಛೆಗೆ ಬಿಡಬೇಕೇ ಹೊರತು ಸಂಬಳಕ್ಕೆ ಕಟ್ಟಿದ ಷರತ್ತಾಗಿ ಹೇರಬಾರದು.

ಎತ್ತರದ ಕೆಲಸದ ಚಿತ್ರಗಳ ಬಗ್ಗೆ ಇನ್ನಷ್ಟು ಕಟ್ಟುನಿಟ್ಟು ಬೇಕು. ಕಿಟಕಿಯ ಅಂಚಿನ ಮೇಲೆ ನಿಂತು ಒಂದು ಕೈಯಲ್ಲಿ ಗ್ರಿಲ್ ಹಿಡಿದು ಇನ್ನೊಂದು ಕೈಯಲ್ಲಿ ಒರೆಸುವ ಕೆಲಸಗಾರರ ವಿಡಿಯೊ ಬೇಗ ಹರಡಬಹುದು. ಅಂಥ ಚಿತ್ರವನ್ನು ಹಾಕಬಾರದು. ಅದಕ್ಕಿಂತ ಮೊದಲು, ಅಂಥ ಕೆಲಸವನ್ನೇ ಮಾಡಿಸಬಾರದು. ಒಳಗಿನಿಂದ ಎಟುಕದ ಗಾಜಿಗೆ, ನೆಲದ ಮೇಲೆಯೋ ಬಾಲ್ಕನಿಯೊಳಗೋ ನಿಂತು ಬಳಸಬಹುದಾದ ಉದ್ದನೆಯ ಕೋಲುಗಳಿವೆ. ಲವಣಗಳನ್ನು ಪೂರ್ತಿಯಾಗಿ ತೆಗೆದ ಶುದ್ಧ ನೀರನ್ನು ಕೋಲಿನ ತುದಿಯ ಬ್ರಷ್ಷಿಗೆ ಹರಿಸುವ ಈ ವಿಧಾನದಲ್ಲಿ ನೀರು ತಾನಾಗಿ ಒಣಗಿದರೂ ಕಲೆ ಉಳಿಯದು. ಇನ್ನೂ ಎತ್ತರದ ಕೆಲಸವು ಹಗ್ಗದ ತರಬೇತಿ ಪಡೆದವರಿಗೆ ಮಾತ್ರ ಸಲ್ಲುವಂಥದು, ಅದಕ್ಕೆ ಐಎಸ್ 3521 ಮಾನಕದ ಪೂರ್ಣದೇಹದ ಸುರಕ್ಷಾ ಪಟ್ಟಿ ಬೇಕು. ಪಟ್ಟಿ ತೊಟ್ಟು, ಹಗ್ಗದ ಕೊಂಡಿಯನ್ನು ಇಬ್ಬರು ಪರಿಶೀಲಿಸುವ ಹತ್ತು ಸೆಕೆಂಡಿನ ದೃಶ್ಯ ಯಾವ ಘೋಷಣೆಗಿಂತಲೂ ಗಟ್ಟಿಯಾದ ಪ್ರಚಾರ, ಏಕೆಂದರೆ ಅವಘಡವಾದರೆ ತಮ್ಮ ಮೇಲೂ ಹೊಣೆ ಬರುತ್ತದೆಂಬುದು ನಿವಾಸಿಗಳ ಸಂಘದ ಪದಾಧಿಕಾರಿಗಳಿಗೆ ಗೊತ್ತಿರುತ್ತದೆ.

ಗೂಗಲ್ ಪುಟ, ವಾಟ್ಸ್‌ಆ್ಯಪ್ ಮತ್ತು ಸಮುಚ್ಚಯದ ಬಾಗಿಲು

ವಿಡಿಯೊ ನೋಡಿದವರು ಮರುಕ್ಷಣವೇ ಕರೆ ಮಾಡುವುದು ಅಪರೂಪ. ಅಗತ್ಯ ಬಿದ್ದ ದಿನ ಅವರು ಗೂಗಲ್‌ನಲ್ಲಿ ಹುಡುಕುತ್ತಾರೆ ಅಥವಾ ಸಮುಚ್ಚಯದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳುತ್ತಾರೆ. ಆ ಎರಡು ಕಡೆಗಳಲ್ಲಿ ಹೆಸರು ಸಿಗದಿದ್ದರೆ ರೀಲುಗಳ ಶ್ರಮ ಫಲ ಕೊಡದು.

ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬುದು ಗೂಗಲ್ ನಕ್ಷೆ ಮತ್ತು ಹುಡುಕಾಟದಲ್ಲಿ ಕಾಣಿಸಿಕೊಳ್ಳುವ, ಶುಲ್ಕವಿಲ್ಲದ ವ್ಯಾಪಾರ ಪುಟ. ಅಂಗಡಿಯಿಲ್ಲದೆ ಗ್ರಾಹಕರ ಮನೆಗೇ ಹೋಗಿ ದುಡಿಯುವವರು ಅಲ್ಲಿ ತಮ್ಮ ಮನೆಯ ವಿಳಾಸವನ್ನು ಮರೆಮಾಡಿ, ಸೇವೆ ಒದಗಿಸುವ ಪ್ರದೇಶಗಳನ್ನು ಮಾತ್ರ ತೋರಿಸಬಹುದು. ಇಪ್ಪತ್ತು ಪ್ರದೇಶಗಳವರೆಗೆ ಸೇರಿಸಲು ಅವಕಾಶವಿದ್ದರೂ ನಿಜವಾಗಿ ಹೋಗಬಲ್ಲ ಐದಾರು ಬಡಾವಣೆಗಳನ್ನು ಹೆಸರಿಸುವುದೇ ವಿವೇಕ. ಈ ಪುಟದ ಜೀವಾಳ ಗ್ರಾಹಕರ ವಿಮರ್ಶೆಗಳು. ಕೆಲಸ ಮುಗಿದ ಸಂಜೆಯೇ ವಿಮರ್ಶೆಯ ಕೊಂಡಿಯನ್ನು ಕಳಿಸಿ ಎರಡು ಸಾಲು ಬರೆಯುವಂತೆ ಕೇಳುವುದರಲ್ಲಿ ತಪ್ಪಿಲ್ಲ; ಆದರೆ ಒಳ್ಳೆಯ ವಿಮರ್ಶೆಗೆ ಬದಲಾಗಿ ರಿಯಾಯಿತಿ ಕೊಡುವುದು, ನೆಂಟರಿಷ್ಟರಿಂದ ಬರೆಸುವುದು ಗೂಗಲ್ ನಿಯಮಕ್ಕೂ, ಆನ್‌ಲೈನ್ ವಿಮರ್ಶೆಗಳ ಕುರಿತು ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಐಎಸ್ 19000 ಮಾನಕದ ಆಶಯಕ್ಕೂ ವಿರುದ್ಧ. ಕೆಟ್ಟ ವಿಮರ್ಶೆ ಬಂದಾಗ ವಾದಕ್ಕಿಳಿಯದೆ ಆದದ್ದನ್ನು ಒಪ್ಪಿ, ಯಾವ ದಿನ ಬಂದು ಸರಿಪಡಿಸಲಾಗುವುದೆಂದು ತಿಳಿಸಿ, ಸರಿಪಡಿಸಿದ ಮೇಲೆ ಅದನ್ನೂ ಅಲ್ಲಿಯೇ ಬರೆಯಬೇಕು. ಹೊಸ ಗ್ರಾಹಕರು ಹೊಗಳಿಕೆಗಳಿಗಿಂತ ಮೊದಲು ಓದುವುದು ಈ ಉತ್ತರಗಳನ್ನೇ.

2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್, ಸಾಮಾನ್ಯ ವಾಟ್ಸ್‌ಆ್ಯಪ್‌ನಂತೆಯೇ ಇದ್ದರೂ ಸಣ್ಣ ವ್ಯಾಪಾರಕ್ಕೆ ಬೇಕಾದ ಕೆಲವು ಸೌಲಭ್ಯಗಳನ್ನು ಒಳಗೊಂಡಿದೆ. ಸೇವೆಗಳನ್ನು ಚಿತ್ರ ಮತ್ತು ದರದೊಡನೆ ಜೋಡಿಸಿಡುವ ಕ್ಯಾಟಲಾಗ್, ಮೇಲಿಂದ ಮೇಲೆ ಕೇಳುವ ಪ್ರಶ್ನೆಗಳಿಗೆ ಸಿದ್ಧ ಉತ್ತರ, ಕೆಲಸದ ಹೊತ್ತಿನಲ್ಲಿ ತಾನಾಗಿ ಹೋಗುವ ಸಂದೇಶ, ಹೊಸಬರು, ದಿನ ಗೊತ್ತಾದವರು, ಹಣ ಬಾಕಿಯಿರುವವರು ಎಂದು ಗಿರಾಕಿಗಳನ್ನು ವಿಂಗಡಿಸುವ ಲೇಬಲ್ ಇವು ಅವುಗಳಲ್ಲಿ ಮುಖ್ಯವಾದವು. ಕ್ಯಾಟಲಾಗಿನಲ್ಲಿ ದರವನ್ನು ಮುಚ್ಚಿಡುವುದರಿಂದ ಲಾಭವಿಲ್ಲ; ಒಂದು ಗಾಜಿನ ಪಲಕಕ್ಕೆ ಎಷ್ಟು, ಸೊಳ್ಳೆ ಜಾಲರಿ, ಟ್ರ್ಯಾಕ್, ಗ್ರಿಲ್, ಹೊರಮೈ ಇವುಗಳಲ್ಲಿ ಯಾವುದು ಸೇರಿದೆ ಯಾವುದು ಸೇರಿಲ್ಲ, ಏಣಿಯನ್ನು ಯಾರು ತರಬೇಕು ಎಂಬುದನ್ನು ಬರೆದಿಟ್ಟರೆ ಬಾಗಿಲಲ್ಲಿ ನಿಂತು ಚೌಕಾಸಿ ಮಾಡುವುದು ತಪ್ಪುತ್ತದೆ. ಒಮ್ಮೆಗೇ ಅನೇಕರಿಗೆ ಸಂದೇಶ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಯನ್ನು ಸೇರಿಸಬಹುದಾದರೂ, ತಂಡದ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಕೆಲಸ ಮುಗಿಸಿ ಹೊರಡುವ ಮುನ್ನ ಸಂಖ್ಯೆಯನ್ನು ಉಳಿಸಿಕೊಳ್ಳುವಂತೆ ವಿನಂತಿಸುವುದು ತಂಡದ ವಾಡಿಕೆಯಾಗಬೇಕು.

ಸಮುಚ್ಚಯದ ಗುಂಪಿನ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಆ ಗುಂಪು ನಿವಾಸಿಗಳ ಸ್ವಂತ ಜಗಲಿ. ಪರಿಚಿತ ಗಿರಾಕಿಯೊಬ್ಬರ ಮೂಲಕ ಒಳನುಸುಳಿ ದರಪಟ್ಟಿ ಹಾಕುವ ತಂಡವನ್ನು ಮೊದಲ ದಿನವೇ ಹೊರಹಾಕುತ್ತಾರೆ. ಸಂಘದ ಕಚೇರಿಯ ಮ್ಯಾನೇಜರರನ್ನು ಕಂಡು, ಕೆಲಸಗಾರರ ಗುರುತಿನ ಚೀಟಿಗಳ ಪ್ರತಿ ಕೊಟ್ಟು, ಗೇಟಿನ ಪ್ರವೇಶವನ್ನು ನಿರ್ವಹಿಸುವ ಮೈಗೇಟ್‌ನಂಥ ಆ್ಯಪ್‌ಗಳಲ್ಲಿ ಹೆಸರು ನೋಂದಾಯಿಸಿಕೊಂಡು, ಕ್ಲಬ್‌ಹೌಸಿನ ಒಂದು ಗಾಜನ್ನು ಮಾದರಿಗೆಂದು ಶುಚಿಗೊಳಿಸಿ ತೋರಿಸುವುದು ನಿಧಾನದ ದಾರಿಯಾದರೂ ನೇರ ದಾರಿ. ಮುಂದೆ ನಿವಾಸಿಯೊಬ್ಬರು ಕಿಟಕಿ ಒರೆಸುವವರ ನಂಬರ್ ಇದೆಯೇ ಎಂದು ಗುಂಪಿನಲ್ಲಿ ಕೇಳಿದಾಗ ಉತ್ತರ ಕೊಡುವವರು ಇನ್ನೊಬ್ಬ ನಿವಾಸಿಯೇ ಆಗಿರುತ್ತಾರೆ. ಅವರು ಸುಲಭವಾಗಿ ಮುಂದಕ್ಕೆ ಕಳಿಸಲೆಂದು ತಂಡದ ಹೆಸರು, ಸಂಖ್ಯೆ, ದರ ಮತ್ತು ಒಂದು ಜೋಡಿಚಿತ್ರವಿರುವ ಒಂದೇ ಚಿತ್ರಪತ್ರವನ್ನು ಮೊದಲೇ ಕೊಟ್ಟಿರಬೇಕು.

ಪಂಚಾಂಗ ಮತ್ತು ಲೆಕ್ಕದ ಪುಸ್ತಕ

ಪ್ರಕಟಣೆಯ ಕಾಲವನ್ನು ಗೊತ್ತುಪಡಿಸುವಾಗ ಈ ನೆಲದ ಋತುಚಕ್ರವನ್ನೂ ಆಚರಣೆಗಳನ್ನೂ ನೋಡಬೇಕಾಗುತ್ತದೆ. ಜನವರಿಯಿಂದ ಯುಗಾದಿಯವರೆಗೆ ದೂಳಿನ ಕಾಲ. ಏಪ್ರಿಲ್, ಮೇ ತಿಂಗಳ ಗಾಳಿಮಳೆ ಆ ದೂಳನ್ನು ಗಾಜಿಗೆ ಕೆಸರಾಗಿ ಅಂಟಿಸುತ್ತದೆ. ಆಷಾಢದಲ್ಲಿ ಗೃಹಪ್ರವೇಶಗಳಿಲ್ಲದೆ ಕೆಲಸ ಕಡಿಮೆಯಾಗುವ ವಾರಗಳನ್ನು ವಿಡಿಯೊ ತಯಾರಿಗೂ ಸಲಕರಣೆಗಳ ದುರಸ್ತಿಗೂ ಮೀಸಲಿಟ್ಟರೆ, ಶ್ರಾವಣ ಬಂದೊಡನೆ ಹೊಸ ಮನೆಗಳ ಗಾಜಿನ ಮೇಲಿನ ಸಿಮೆಂಟು, ಬಣ್ಣದ ಹನಿ, ಅಂಟುಪಟ್ಟಿಯ ಕಲೆಗಳನ್ನು ತೆಗೆಯುವ ಕೆಲಸಕ್ಕೆ ಬೇಡಿಕೆ ಬರುವಾಗ ತಂಡ ಸಿದ್ಧವಾಗಿರುತ್ತದೆ. ಗೃಹಪ್ರವೇಶದ ದಿನವನ್ನು ಮನೆಯವರು ವಾರಗಳ ಮುಂಚೆ ಗೊತ್ತುಮಾಡಿರುತ್ತಾರಾದ್ದರಿಂದ ಒಳಾಂಗಣ ಮಾಡುವವರು ಮತ್ತು ಬಡಗಿಗಳ ಪುಟಗಳೊಡನೆ ಪರಸ್ಪರ ಪರಿಚಯ ಬೆಳೆಸುವುದು ದುಡ್ಡಿಲ್ಲದ ಜಾಹೀರಾತು. ಆಯುಧಪೂಜೆ, ದೀಪಾವಳಿಗೆ ಮೂರು ವಾರ ಮೊದಲೇ ಸೂಚನೆ ಹೊರಡಬೇಕು; ಹಬ್ಬದ ವಾರದಲ್ಲಿ ಕೇಳಿದವರಿಗೆ ದಿನ ಕೊಡಲಾಗದೆ ಬೇಸರ ಉಂಟುಮಾಡುವುದು ಇದರಿಂದ ತಪ್ಪುತ್ತದೆ.

ಹಣ ಕೊಟ್ಟು ಹಾಕಿಸುವ ಜಾಹೀರಾತಿಗೆ ಇಷ್ಟೆಲ್ಲ ನೆಲೆಗೊಂಡ ಮೇಲೆ ಕೈಹಾಕುವುದು ಲೇಸು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿ ನಕ್ಷೆಯ ಒಂದು ಬಿಂದುವನ್ನು ಗುರುತಿಸಿ ಅದರ ಸುತ್ತಲಿನ ಕೆಲವೇ ಕಿಲೋಮೀಟರ್‌ಗಳಿಗೆ ಜಾಹೀರಾತನ್ನು ಸೀಮಿತಗೊಳಿಸಬಹುದು, ಒತ್ತಿದವರು ನೇರವಾಗಿ ವಾಟ್ಸ್‌ಆ್ಯಪ್ ಸಂಭಾಷಣೆಗೆ ಬರುವಂತೆಯೂ ಮಾಡಬಹುದು. ಸಣ್ಣ ಮೊತ್ತದಿಂದ ಆರಂಭಿಸಿ, ಒಂದು ಸಲಕ್ಕೆ ಒಂದೇ ಬಡಾವಣೆಯಲ್ಲಿ ಪ್ರಯೋಗಿಸಿ, ಬಂದ ಫಲವನ್ನು ಅಳೆದು ಮುಂದುವರಿಯಬೇಕು. ಅಳೆಯುವ ಸಾಧನ ಒಂದು ನೋಟುಪುಸ್ತಕವಾದರೂ ಸಾಕು: ಕರೆ ಬಂದ ದಿನಾಂಕ, ಸಮುಚ್ಚಯದ ಹೆಸರು, ಯಾರಿಂದ ಅಥವಾ ಎಲ್ಲಿ ನೋಡಿ ತಿಳಿಯಿತು, ಕೆಲಸ ದೊರೆಯಿತೇ, ಎಷ್ಟು ಹಣ ಬಂತು, ಮುಂದಿನ ಬಾರಿ ಯಾವಾಗ ಕರೆಯಬೇಕು. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಸೇವೆ ಒದಗಿಸುವವರು ಜಿಎಸ್‌ಟಿ ನೋಂದಣಿ ಪಡೆಯಬೇಕಾದ್ದರಿಂದ ಆ ಲೆಕ್ಕಕ್ಕೂ ಇದೇ ಪುಸ್ತಕ ನೆರವಾಗುತ್ತದೆ. ಮೂರು ತಿಂಗಳ ಪುಟಗಳನ್ನು ತಿರುವಿದಾಗ ಜಾಹೀರಾತಿನಿಂದ ಬಂದ ಕರೆಗಳೆಷ್ಟು, ನೆರೆಮನೆಯವರು ಹೇಳಿ ಬಂದವೆಷ್ಟು ಎಂಬುದು ಕಾಣುತ್ತದೆ. ಆ ಲೆಕ್ಕ ನೋಡಿಕೊಂಡು ಮುಂದಿನ ತಿಂಗಳ ಹಣವನ್ನು ಜಾಹೀರಾತಿಗೆ ಹಾಕಬೇಕೋ, ಇನ್ನೊಂದು ಉದ್ದನೆಯ ಕೋಲು ಕೊಳ್ಳಬೇಕೋ ಎಂಬುದನ್ನು ತಂಡ ನಿರ್ಧರಿಸಬಹುದು.